ರೈಲಿಗೆ ಬೆನ್ನು ಕೊಟ್ಟು ನಿಂತವನು

ಚಿಕ್ಕಮಾದು ಜೀವಮಾನವಿಡೀ ಹಳಿ ಕಾದ ಗ್ಯಾಂಗ್‌ಮನ್. ಅಂಥವನಿಗೂ ನೋಡಲಾಗದೆ ಉಳಿದ ರೈಲು ಒಂದಿತ್ತು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾಷ್ಟ್ರಪತಿಗಳ ರೈಲು ಹೊಸ ಅಗ್ರಹಾರ ಸ್ಟೇಷನ್ನಿನ ಮೇಲೆ ಹಾದುಹೋಗಿತ್ತು. ಕಾವಲು ನಿಂತವರೆಲ್ಲ ಹೊಲದ ಕಡೆ ಮುಖ ಮಾಡಿ, ರೈಲಿಗೆ ಬೆನ್ನು ಕೊಟ್ಟು ನಿಲ್ಲಬೇಕೆಂದು ಹುಕುಂ. ಬೆಳಗಿನಿಂದ ಬಿಸಿಲಲ್ಲಿ ಕಾದವನಿಗೆ ದಕ್ಕಿದ್ದು ಬೆನ್ನಿಗೆ ಬಡಿದ ಗಾಳಿ ಮಾತ್ರ. ಈ ಕಥೆ ಕೇಳಿ ಕೇಳಿ ಮನೆಯವರಿಗೆ ಸಾಕುಸಾಕಾಗಿತ್ತು.

ಈಗ ಅದೇ ರೈಲನ್ನು ಕೆ.ಆರ್. ನಗರದ ಹೊರಗೊಂದು ತೋಟದಲ್ಲಿ ತಂದು ನಿಲ್ಲಿಸಿ, ಟಿಕೆಟ್ ಇಟ್ಟು ಜನರಿಗೆ ತೋರಿಸುತ್ತಿದ್ದಾರೆ. ಅವನ ಸೊಸೆ ಪುಷ್ಪಾಗೆ ಅಲ್ಲೇ ಗುಡಿಸಿ ಒರೆಸುವ ಕೆಲಸ. ಆದರೆ ಚಿಕ್ಕಮಾದುವಿನ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ರೈಲು ನೋಡಲೇಬೇಕೆಂದು ಮುದುಕನ ಹಟ. ಪುಷ್ಪಾ ತನ್ನ ರಜೆಯ ದಿನವೇ ಮಾವನನ್ನು ಬಸ್ಸು ಹತ್ತಿಸಿಕೊಂಡು ಬಂದಳು.

ಗೇಟು ದಾಟುತ್ತಿದ್ದಂತೆ ಮೈಕಿನಲ್ಲಿ ರೈಲು ಕೂಗಿದ ಸದ್ದು ಹಾಕಿದರು. ಮುದುಕ ಗಕ್ಕನೆ ತಿರುಗಿ, ರೈಲಿಗೆ ಬೆನ್ನು ಹಾಕಿ, ಎದೆ ಸೆಟೆಸಿ ನಿಂತೇಬಿಟ್ಟ! ನೋಡಿದವರು ನಕ್ಕರು.

“ಮಾವ, ಇತ್ಲಾಗ್ ತಿರುಗಿ. ಈಗ ಯಾರೂ ಬಯ್ಯಾಕಿಲ್ಲ” ಎಂದು ಪುಷ್ಪಾ ಭುಜ ಹಿಡಿದು ತಿರುಗಿಸಿದಳು.

ಅವಳಿಂದ ಮೊದಲೇ ಎಲ್ಲ ಕೇಳಿ ತಿಳಿದಿದ್ದ ಮ್ಯಾನೇಜರ್ ನಂಜಣ್ಣ, ಬೋಗಿ ಹತ್ತಿ ರಾಷ್ಟ್ರಪತಿಗಳ ಕುರ್ಚಿಗೆ ಅಡ್ಡ ಕಟ್ಟಿದ್ದ ಹಗ್ಗವನ್ನೇ ಬಿಚ್ಚಿದ. “ಬಂದು ಕೂತ್ಕಳಿ ಯಜಮಾನ್ರೇ. ಕಾವ್ಲು ಕಾದೋರಲ್ವಾ ನೀವು!”

ಚಿಕ್ಕಮಾದು ಚಪ್ಪಲಿ ಬಿಟ್ಟು ಹತ್ತಿದ. ಕೆಂಪು ಮಖಮಲ್ಲು, ತೇಗದ ಗೋಡೆ, ಹಿತ್ತಾಳೆ ದೀಪ, ಎಲ್ಲದಕ್ಕೂ ಮುಖ ತಾಗಿಸುವಷ್ಟು ಹತ್ತಿರ ಹೋಗಿ ನೋಡಿದ. ಎಲ್ಲೂ ಚೂರು ದೂಳಿರಲಿಲ್ಲ. ಕುರ್ಚಿಯಲ್ಲಿ ಕೂತಾಗ ಜನ್ಮ ಸಾರ್ಥಕವಾಯಿತು ಅನ್ನಿಸಿತು.

“ಇದ್ನೆಲ್ಲ ದಿನಾ ಒರ್ಸೋಳು ನೀನೇ ಅಲ್ವೇನವ್ವ? ಒಂದ್ಸಲನಾದ್ರೂ ಇದ್ರಲ್ಲಿ ಕೂತಿದ್ದೀಯಾ?”

“ಅಯ್ಯೋ, ನಾನ್ಯಾಕ್ ಕೂರ್ಲಿ ಮಾವ?”

ಮುದುಕ ಎದ್ದು ನಿಂತ. “ಬಾ, ಕೂತ್ಕೊ.”

ಪುಷ್ಪಾ ಸೆರಗು ಎಳೆದುಕೊಂಡು ಹಿಂದೆ ಸರಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಮಾವನೆದುರು ಕೂತವಳಲ್ಲ. ಅವರ ಮನೆಗಳಲ್ಲಿ ಅದು ಪದ್ಧತಿಯೂ ಅಲ್ಲ. “ನೀವು ನಿಂತ್ಕಂಡು ನಾನ್ ಕೂರಾದಾ? ನೋಡ್ದೋರು ಏನಂದಾರು?”

“ಅನ್ಲಿ ಬುಡು. ಕಣ್ ಓಗಕ್ ಮುಂಚೆ ರೈಲು ತೋರ್ಸ್ದೆ. ನಿನ್ ಋಣ ನಾನೆಂಗ್ ತೀರ್ಸ್ಲಿ? ಕೂತ್ಕೊ ಮಗ, ನಿನ್ನೂ ಒಸಿ ಕಣ್ತುಂಬ ನೋಡ್ಕತೀನಿ.”

ಪುಷ್ಪಾ ಕುರ್ಚಿಯ ತುದಿಯಲ್ಲಿ ಕೂತಳು. ಚಿಕ್ಕಮಾದು ಎದುರು ನಿಂತು, ಬಗ್ಗಿ, ಬಹಳ ಹೊತ್ತು ಅವಳ ಮುಖ ನೋಡಿದ.

“ಕೆನ್ನೆ ಮೇಲೆ ಮಚ್ಚೆ ಐತೆ ಕಣವ್ವ ನಿಂಗೆ” ಎಂದ. “ಇಷ್ಟು ವರ್ಸ ಒಂದೇ ಮನೇಲಿದ್ದು, ನಾನು ನೋಡೇ ಇರ್ಲಿಲ್ಲ.”