ತೂತಿಲ್ಲದ ತೊಟ್ಟಿಲು

“ತೂತು ಕೊರಿ ಅಪ್ಪಯ್ಯ! ಮಗಿ ಬೆನ್ನು ಕಾಣು ಒಂಚೂರು, ಸುಟ್ಟ ಹಾಂಗೆ ಆಯ್ತ್!”

“ಈ ಕೈ ದೋಣಿ ಅಡಿಗೆ ಯಾವತ್ತೂ ತೂತು ಕೊರದ್ದಿಲ್ಲೆ. ಬೇಕಾರೆ ನಿನ್ ಗಂಡನ್ನ ಕರ್ಸಿ ಕೊರ್ಸ್ಕೊ!”

“ಇದು ದೋಣಿ ಅಲ್ಲ, ತೊಟ್ಲು!”

“ನಾ ಮಾಡಿದ್ದು ದೋಣಿಯೇ. ನೀ ತೊಟ್ಲು ಅಂದ್ರೆ ಅದು ನಿನ್ ಖುಷಿ!”

ಅಪ್ಪ ಮಗಳು ಹೀಗೆ ಕಿರುಚಾಡುತ್ತಿದ್ದದ್ದು ನನ್ನ ತಲೆಯ ಮೇಲೆ. ನಾನು ಒಂದು ತೊಟ್ಟಿಲು. ಗಂಗೊಳ್ಳಿಯ ಅಳಿವೆ ದಡದಲ್ಲಿ ದೋಣಿ ಕಟ್ಟುವ ಬಚ್ಚ ಆಚಾರಿ ನನ್ನನ್ನು ಮಾಡಿದ. ಒಳಗೆ ಮಲಗಿದ್ದ ಕೂಸು ಅವನ ಮೊಮ್ಮಗಳು. ಕಿರುಚುತ್ತಿದ್ದವಳು ಅವನ ಒಬ್ಬಳೇ ಮಗಳು ಗುಲಾಬಿ, ಹೆರಿಗೆಗೆಂದು ತವರಿಗೆ ಬಂದವಳು.

ಬಾಣಂತನ ಮಾಡಲು ಮನೆಯಲ್ಲಿ ಹೆಂಗಸರಿರಲಿಲ್ಲ. ಆಚಾರಿಯ ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. “ತಾಯಿ ಇಲ್ದಿದ್ರೆ ಎಂತ, ನಾ ಸತ್ತಿದ್ನಾ?” ಎಂದು ಬೀಗರ ಮನೆಯಲ್ಲಿ ಗಲಾಟೆ ಮಾಡಿ ಮಗಳನ್ನು ಕರೆತಂದಿದ್ದ. ಗಂಜಿ ಬೇಯಿಸುತ್ತಿದ್ದ, ಬಿಸಿನೀರು ಕಾಯಿಸುತ್ತಿದ್ದ, ಮಗುವಿನ ಬಟ್ಟೆ ಒಗೆಯುತ್ತಿದ್ದ. ಯಾರಾದರೂ ನಕ್ಕರೆ ಹೊಡೆಯಲು ಹೋಗುತ್ತಿದ್ದ. ತನ್ನ ಮನೆಯಲ್ಲಿ ಮಗಳಿಗೆ ಒಂದು ಕೊರತೆಯೂ ಆಗಲಿಲ್ಲ ಎಂದು ಊರು ಹೇಳಬೇಕು, ಅದೊಂದೇ ಅವನ ಹಟ.

ಮಗು ಹುಟ್ಟುವ ಮೊದಲೇ ತೊಟ್ಟಿಲು ಮಾಡಬಾರದು ಎಂಬ ನಂಬಿಕೆ ಆ ಕಡೆಯವರದು. ಹಾಗಾಗಿ ಮಗು ಅತ್ತ ಮೇಲೆಯೇ ಅವನು ಬಾಚಿ ಹಿಡಿದ. ದೊಡ್ಡ ದೋಣಿಯೊಂದಕ್ಕೆ ತಂದಿಟ್ಟ ಹೆಬ್ಬಲಸಿನ ಹಲಗೆಯನ್ನು ನನಗೆಂದು ಸೀಳಿದ. ಬೆಂಕಿಯ ಮೇಲೆ ಹಿಡಿದು, ನೀರು ಚಿಮುಕಿಸಿ, ಮೆಲ್ಲಗೆ ಬಗ್ಗಿಸಿದ. ನನಗೂ ಚೂಪು ಮೂತಿ ಇಟ್ಟ, ಬೆನ್ನುಮೂಳೆಯಂಥ ಅಡಿಮರ ಇಟ್ಟ. ಸಂದುಗಳಿಗೆಲ್ಲ ಹತ್ತಿ ತುರುಕಿ, ಹಾಲುಮಡ್ಡಿಯ ಅಂಟು ಕಾಯಿಸಿ ಮೆತ್ತಿದ. ತೊಟ್ಟಿಲಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ, ಇದ್ದರೂ ಕೇಳುವ ಧೈರ್ಯ ಅವರಿಗಿರಲಿಲ್ಲ.

ಹೊಸ ದೋಣಿಯನ್ನು ನೀರಿಗಿಳಿಸುವ ಮುಂಚೆ ಅದರೊಳಗೇ ನೀರು ತುಂಬಿ ನೋಡುವುದು ದಡದ ಪದ್ಧತಿ. ಹೊರಗೆ ಒಂದು ಹನಿ ಜಿನುಗದಿದ್ದರೆ ಕಾಯಿ ಒಡೆಯುತ್ತಾರೆ. ನಾಮಕರಣದ ಬೆಳಿಗ್ಗೆ ಆಚಾರಿ ನನ್ನನ್ನು ಅಂಗಳದಲ್ಲಿಟ್ಟು, ಬಂದವರೆಲ್ಲರ ಎದುರು ಕೊಡಪಾನದಲ್ಲಿ ನೀರು ತಂದು ಸುರಿದ. ಗಂಡಸರು ಬಗ್ಗಿ ನನ್ನ ಹೊಟ್ಟೆಯ ಕೆಳಗೆ ಕೈ ಆಡಿಸಿದರು. ಒಣಗಿಯೇ ಇತ್ತು. ಆಚಾರಿ ಎದೆಯುಬ್ಬಿಸಿ ಕಾಯಿ ಒಡೆದ.

ಪಕ್ಕದ ಮನೆಯ ಮೀನು ಮಾರುವ ಅಕ್ಕು ಮಾತ್ರ ಬಾಯಿಗೆ ಸೆರಗು ಹಿಡಿದಳು. “ಆಚಾರ್ರೇ, ಹೊರಗಿನ ನೀರು ಒಳಗೆ ಬಪ್ಪುದಿಲ್ಲೆ, ಸಮ. ಒಳಗಿನ ನೀರು ಎಲ್ಲಿಗೆ ಹೋಯ್ಕ್?”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬೇರೆ ತೊಟ್ಟಿಲುಗಳ ಅಡಿಯಲ್ಲಿ ಪಟ್ಟಿ ಪಟ್ಟಿ ಮರ, ನಡುವೆ ಸಂದು. ಮಗು ಉಚ್ಚೆ ಹೊಯ್ದರೆ ನೆಲಕ್ಕೆ ಇಳಿಯುತ್ತದೆ. ನನ್ನಲ್ಲಿ ಅದು ಕೆರೆಯಾಗಿ ನಿಲ್ಲುತ್ತಿತ್ತು. ಬಟ್ಟೆ ಎಷ್ಟು ಹಾಸಿದರೂ ಒದ್ದೆ. ಕೂಸಿನ ಬೆನ್ನು ಕೆಂಪಾಯಿತು, ಆಮೇಲೆ ಸಿಪ್ಪೆ ಎದ್ದಿತು. ಆಗಲೇ ನಾನು ಮೊದಲು ಹೇಳಿದ ಜಗಳ.

ಗುಲಾಬಿ ಕೇಳಿದ್ದು ಬೆರಳು ತೂರುವಷ್ಟು ತೂತು. ಮುಖ ತಿರುಗಿಸಿ ಕೂತ ಅಪ್ಪನನ್ನು ನೋಡಿ ಅವಳ ದನಿ ಇಳಿಯಿತು. “ಒಂದು ಸಲ ನಾ ಹೇಳಿದ್ದು ಕೇಳು ಅಪ್ಪಯ್ಯ. ನಾ ಹುಟ್ಟಿದ ಮೇಲೆ ಒಂದೇ ಒಂದು ಸಲ” ಎಂದಳು. ಆಚಾರಿ ಕೊರೆಯುವ ಸಲಕರಣೆಯನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದ.

ಅವಳು ನನ್ನ ಪಕ್ಕದಲ್ಲೇ, ನಾನು ತೂಗುತ್ತಿದ್ದ ತೊಲೆಗೇ, ತಾಯಿಯ ಹಳೇ ಸೀರೆ ಕಟ್ಟಿ ಜೋಲಿ ಮಾಡಿದಳು. ಮಗು ಅದರಲ್ಲಿ ಮಲಗಿತು. ಜೋಲಿ ಅತ್ತಿತ್ತ ಹೋಗುವಾಗ ಅದರ ಗಾಳಿ ನನಗೆ ತಾಗುತ್ತಿತ್ತು. ಖಾಲಿ ತೊಟ್ಟಿಲು ತೂಗಬಾರದೆಂದು ನನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೂಸಿನ ಭಾರ ಎಷ್ಟಿತ್ತೆಂದು ನೆನೆಯುತ್ತ ಅಲ್ಲಾಡದೆ ತೂಗಿಬಿದ್ದಿದ್ದೆ. ಬಾಣಂತನ ಮುಗಿಯುವ ಮೊದಲೇ ಗುಲಾಬಿ ಗಂಡನಿಗೆ ಹೇಳಿಕಳಿಸಿ ಅವನ ಊರು ಹಾಲಾಡಿಗೆ ಹೊರಟುಹೋದಳು. ಆಚಾರಿ ಹೊಳೆಯ ಕಡೆ ಮುಖ ಮಾಡಿ ಕೂತಿದ್ದ. ಮಗುವನ್ನು ಕೊನೆಯ ಸಲ ಎತ್ತಿಕೊಳ್ಳಲೂ ಇಲ್ಲ, ಮೂರ್ಖ.

“ತಕಂಡ್ ಹೋಗು ಇದನ್ನ, ಕಣ್ಣೆದ್ರು ಬ್ಯಾಡ” ಎಂದು ನನ್ನನ್ನು ಅಕ್ಕುವಿಗೆ ಕೊಟ್ಟ. ಅವಳು ಮಂಜುಗಡ್ಡೆ ಹಾಕಿ ಬಂಗುಡೆ ತುಂಬಿಟ್ಟಳು. ಹನಿ ಸೋರದ ಪೆಟ್ಟಿಗೆ ಸಿಕ್ಕಿತೆಂದು ಅವಳಿಗೆ ಸಂತೋಷ. ಸತ್ತ ಮೀನಿನ ತಣ್ಣನೆಯ ಭಾರ ಹೊತ್ತುಕೊಂಡು ನಾನು ಮಳೆಗಾಲಗಳನ್ನು ಕಳೆದೆ. ಮೊಣಕಾಲು ನೋವೆಂದು ಅಕ್ಕು ವ್ಯಾಪಾರ ಬಿಟ್ಟಾಗ ಬಂದರಿನ ಚಾ ಅಂಗಡಿಗೆ ಹೋದೆ. ಅಲ್ಲಿ ಎಂಜಲು ಗ್ಲಾಸು ನೆನೆಹಾಕಲು ನಾನು. ಎಷ್ಟೋ ಮಂದಿ ನನ್ನೊಳಗೆ ಕೈ ಅದ್ದಿದರು. ಇದೇನು ಎಂದು ಒಬ್ಬನೂ ಕೇಳಲಿಲ್ಲ.

ಒಂದು ದಿನ ಆಚಾರಿ ಚಾ ಕುಡಿಯಲು ಬಂದ. ನನ್ನನ್ನು ನೋಡಿದವನೇ ಗ್ಲಾಸುಗಳ ಸಮೇತ ಮಗುಚಿಹಾಕಿದ. “ನನ್ ಮೊಮ್ಮಗಳ ತೊಟ್ಲಲ್ಲಿ ಎಂಜಲು ತೊಳಿತ್ಯನಾ, ಬೇವರ್ಸಿ!” ಎಂದು ಅಂಗಡಿಯವನ ಕೊರಳಪಟ್ಟಿ ಹಿಡಿದ. ದೋಣಿ ಎಂದು ಹಟ ಹಿಡಿದಿದ್ದವನು ಅಂದು ಮೊದಲ ಸಲ ನನ್ನನ್ನು ತೊಟ್ಟಿಲು ಎಂದ. ತಲೆಯ ಮೇಲೆ ಹೊತ್ತು ಮನೆಗೆ ತಂದ, ಉಜ್ಜಿ ಉಜ್ಜಿ ತೊಳೆದ. ಪೆಟ್ಟಿಗೆಯ ಬೀಗ ತೆಗೆದು, ನನ್ನನ್ನು ಮಗುಚಿ ಹಾಕಿ, ಅಡಿಗೆ ಕೊರೆಯತೊಡಗಿದ. ಕೈ ಎರಡು ಸಲ ಜಾರಿತು. ನನಗೆ ನೋವಾಯಿತೆಂದು ಹೇಳಲಾರೆ. ಅವನಿಗೆ ಆಯಿತು.

ಈಗ ನಾನಿರುವುದು ಹಾಲಾಡಿಯಲ್ಲಿ, ಗುಲಾಬಿಯ ಮನೆಯ ಕೊಟ್ಟಿಗೆಯ ಅಟ್ಟದ ಮೇಲೆ. ಮೇಲೆ ತೆಂಗಿನ ಮಡಲು ಹೇರಿದ್ದಾರೆ, ಇಲಿ ಓಡಾಡುತ್ತದೆ. ಮರ ಇನ್ನೂ ಗಟ್ಟಿಯಾಗಿದೆ, ಅದೇ ಬೇಸರ. ಬೇಗ ಮುಗಿಯುವುದೂ ಇಲ್ಲ. ತಪ್ಪು ಯಾರದು ಎಂದು ನನ್ನನ್ನು ಕೇಳಿದರೆ, ಇಬ್ಬರಿಗೂ ಬುದ್ಧಿ ಇರಲಿಲ್ಲ ಎನ್ನುತ್ತೇನೆ. ಪ್ರೀತಿ ಬೇಕಾದಷ್ಟಿತ್ತು. ಅದನ್ನು ನಾನು ಕಣ್ಣಾರೆ ಕಂಡವನು. ಇಲ್ಲಿಗೆ ಬಂದ ದಿನದ ಸಂಗತಿಯೊಂದು ಉಳಿದಿದೆ.

ಆಚಾರಿ ನನ್ನನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದು ಗುಲಾಬಿಯ ಅಂಗಳದಲ್ಲಿ ಇಳಿಸಿದ. ಕೂಸಾಗಿದ್ದ ಚಂಪಾ ಈಗ ಎರಡು ಜಡೆಯ ಹುಡುಗಿ. ಓಡಿಬಂದು ನನ್ನೊಳಗೆ ಹತ್ತಿ, ಮೊಣಕಾಲು ಮಡಚಿ ಕೂತಳು. ಕಾಲು ಹಿಡಿಸಲಿಲ್ಲ. ಆದರೂ ಬೆಚ್ಚಗಿನ ಭಾರ. ನನ್ನ ಹಲಗೆಗಳು ಕಿರ್ ಎಂದವು.

ಗುಲಾಬಿ ಬಗ್ಗಿ ತೂತು ನೋಡಿದಳು. ಅದರೊಳಗೆ ಬೆರಳು ಹಾಕಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನನಗೆ ಕಂಡಿತು, ಹಿಂದೆ ನಿಂತ ಆಚಾರಿಗೆ ಕಾಣಲಿಲ್ಲ. ಅವನಿಗೆ ಕೇಳಿಸಿದ್ದು ಮಾತು ಮಾತ್ರ.

“ಇಷ್ಟು ಕೊರಿಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ ಅಪ್ಪಯ್ಯ? ಮಗಿ ಈಗ ಶಾಲೆಗೆ ಹೋಗ್ತಿತ್ತಲ್ಲ.”

“ಕೊರದದ್ದೂ ತಪ್ಪಾ ಹಂಗಾರೆ?”

“ತಪ್ಪು ಅಂದ್ನಾ ನಾನು?”

“ನಿಂಗೆ ನಾ ಎಂತ ಮಾಡಿದ್ರೂ ಹುಳುಕೇ!” ಆಚಾರಿ ಕೊಡೆ ಎತ್ತಿಕೊಂಡ. ತಂದಿಟ್ಟ ಬೆಲ್ಲ ನೀರು ಹಾಗೇ ಇತ್ತು.

ಚಂಪಾ ನನ್ನಿಂದ ಇಳಿದು ಬೇಲಿಯ ದಣಪೆಯವರೆಗೂ ಓಡಿದಳು. “ಅಜ್ಜಾ!” ಎಂದು ಕೂಗಿದಳು. ಅವನು ತಿರುಗಲಿಲ್ಲ.

“ಅಜ್ಜ ಎಲ್ಲಿಗೆ ಹೋದ್ರು?”

“ಬೀಡಿ ಸೇದುಕೆ. ಸಿಟ್ಟು ಇಳಿದ್ರೆ ಬತ್ರು” ಎಂದು ಗುಲಾಬಿ ಒಳಗೆ ಹೋಗಿ ಅವನಿಗೂ ಸೇರಿಸಿ ಅಕ್ಕಿ ತೊಳೆದಳು.

ಅವನು ಬರಲಿಲ್ಲ. ಆ ದಿನವೂ, ಆಮೇಲೂ.