ಎರಡನೇ ಮಗನ ಹೆಗಲು

“ತಲಿ ಹಿಡಿ, ವಾಲಾಕತ್ತೈತಿ,” ಎಂದು ಕಾಡಪ್ಪ ಕೂಗುವಷ್ಟರಲ್ಲಿ ಭಾಗ್ಯಶ್ರೀ ಅವ್ವನ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದಿದ್ದಳು.

ಚನ್ನಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿ, ಬಿಳಿ ಪಂಚೆಯಿಂದ ಕಿಟಕಿಯ ಸರಳಿಗೆ ಕಟ್ಟುತ್ತಿದ್ದರು. ಸತ್ತವರನ್ನು ಮಲಗಿಸಿ ಒಯ್ಯುವುದು ಅವರ ಕಡೆಯ ಪದ್ಧತಿಯಲ್ಲ. ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಬಿದಿರಿನ ವಿಮಾನದಲ್ಲಿ ಹೊತ್ತು, ಕೂತಂತೆಯೇ ಮಣ್ಣಿಗಿಡಬೇಕು. ಗೋಕಾಕದ ಕಡೆಯಿಂದ ಬಂದು ಅಟ್ಟೂರಿನ ಈ ಎರಡು ಕೋಣೆಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರಿದ ಹೆಂಗಸು. ಯಲಹಂಕದ ಅರ್ಧ ಮೆಸ್ಸುಗಳು ಅವಳ ರೊಟ್ಟಿ ತಿಂದಿವೆ. ಅಂಗೈಗಳು ಈಗಲೂ ತಟ್ಟಲು ಕಾದಂತೆ ತೊಡೆಯ ಮೇಲೆ ಅಗಲವಾಗಿ ಬಿದ್ದಿದ್ದವು.

ಗಿರಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಹಿಂದಿನ ಬೀದಿಯ ಹುಡುಗ, ಪಾರ್ಟಿಯ ಸಾಹೇಬರ ಬ್ಯಾನರ್ ಕಟ್ಟುವವನು.

“ಅಕ್ಕಾ, ಸಾಹೇಬ್ರು ಬರ್ತಿದ್ದಾರೆ. ಹೆಬ್ಬಾಳ ದಾಟಿದ್ರಂತೆ. ಅವ್ರು ಬರೋವರ್ಗೂ ಎತ್ಬೇಡಿ ಅಂದ್ರು.”

“ಯಾಕ್ ಬತ್ತಾನಂತೆ?” ಪಕ್ಕದ ಮನೆಯ ಮುನಿಕೃಷ್ಣಮ್ಮ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟಳು. “ಎಲೆಕ್ಸನ್ ಅತ್ರ ಬಂತೇನ್ಲಾ?”

“ಅಂಗನ್ಬೇಡಮ್ಮೋ. ವೀರಯೋಧನ ತಾಯಿ ಅಲ್ವಾ? ಲೈವ್ ಬೇರೆ ಮಾಡ್ತಾರೆ.”

ಅಕ್ಕನ ವಿಮಾನಕ್ಕೆ ಬಾಳೆದಿಂಡು ಕಟ್ಟುತ್ತಿದ್ದ ಕಾಡಪ್ಪನ ಕೈ ನಿಂತಿತು. “ಆ ಹಲ್ಕಟ್ಟಗ ಹೊಸ್ತಲಾ ತುಳಿಯಾಕ ಬಿಡಬ್ಯಾಡ, ಭಾಗ್ಯಾ.”

ಭಾಗ್ಯಶ್ರೀ ಅವ್ವನ ಹಣೆಗೆ ಮತ್ತೊಂದು ಹಿಡಿ ವಿಭೂತಿ ಒತ್ತಿದಳು.

“ಬರ್ಲಿ ಮಾಮಾ. ಅವ್ವನ ಎರಡ್ನೇ ಮಗ ಅಲ್ಲಾ ಅಂವ? ಮಗಾ ಬರ್ದ ಹೆಂಗ ಎತ್ತೂದು?”

•

ಏಳು ವರ್ಷದ ಹಿಂದೆ ಸೈನ್ಯದಲ್ಲಿದ್ದ ಮಗ ಹೇಮಂತ ಗಡಿಯಿಂದ ಪೆಟ್ಟಿಗೆಯಲ್ಲಿ ಬಂದಿದ್ದ. ಮುಖ ನೋಡುವ ಹಾಗಿರಲಿಲ್ಲ. ಅವ್ವ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಒಳಗಿನವನಿಗೆ ಜ್ವರ ಬಂದಿದೆಯೇನೋ ಎಂಬಂತೆ ಸವರುತ್ತ ಕೂತಿದ್ದಳು. ಅವನ ಜೊತೆಯ ಸೈನಿಕರು ಬಿಸಿಲಲ್ಲಿ ಅಲುಗದೆ ನಿಂತಿದ್ದರು. ಸಾಹೇಬರು ಆಗ ಮಂತ್ರಿ. ಅವರ ಕಾರು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿದೆಯೆಂದು ಮಣ್ಣು ಮಾಡುವುದನ್ನೇ ತಡೆಹಿಡಿದಿದ್ದರು.

ಕಡೆಗೂ ಬಂದರು. ಬಂದವರೇ ಅವ್ವನ ತೋಳು ಹಿಡಿದೆಬ್ಬಿಸಿ ಎದೆಗೆ ಒತ್ತಿಕೊಂಡು ಮೈಕುಗಳತ್ತ ತಿರುಗಿದರು. “ಈ ತಾಯಿಗೆ ಇನ್ಮೇಲೆ ನಾನೇ ಮಗ. ಹೇಮಂತ ಮಾಡ್ಬೇಕಾಗಿದ್ದನ್ನೆಲ್ಲಾ ನಾನು ಮಾಡ್ತೀನಿ.” ಜನ ಜೈಕಾರ ಹಾಕಿದರು.

ಅಷ್ಟರಲ್ಲಿ ಕ್ಯಾಮೆರಾದವನು ಬಂದು ಏನೋ ಉಸುರಿದ. ಸಾಹೇಬರು ಅವ್ವನನ್ನು ಬಿಟ್ಟರು.

“ಅಮ್ಮಾ, ಸರಿಯಾಗಿ ಬಂದಿಲ್ವಂತೆ. ಇನ್ನೊಂದ್ಸಲ.”

ಅವ್ವನಿಗೆ ಅರ್ಥವಾಗಲಿಲ್ಲ. ಯಾರೋ ಭುಜ ಒತ್ತಿ ಕೂರಿಸಿದರು, ಮತ್ತೆ ಎಬ್ಬಿಸಿದರು, ತಲೆಯನ್ನು ಮತ್ತೆ ಆ ಗಂಧ ಪೂಸಿದ ಎದೆಗೆ ಒತ್ತಿದರು. ಅಷ್ಟರಲ್ಲಿ ಅವಳ ಅಳು ಬತ್ತಿಹೋಗಿತ್ತು. “ಅಳು ಕಾಣ್ತಿಲ್ಲ ಸಾರ್,” ಅಂದ ಕ್ಯಾಮೆರಾದವನು.

‘ಇನ್ನೊಂದ್ಸಲ’ ಎಂಬ ಆ ಒಂದು ಮಾತನ್ನು ಭಾಗ್ಯಶ್ರೀ ಅಂದಿನಿಂದ ದವಡೆಯ ಸಂದಿಯಲ್ಲಿ ಇಟ್ಟುಕೊಂಡಿದ್ದಳು. ನುಂಗಿರಲಿಲ್ಲ, ಉಗುಳಿರಲಿಲ್ಲ.

ರಾಜಕಾಲುವೆಯ ಪಕ್ಕದಲ್ಲಿ ರುದ್ರಭೂಮಿಗೆ ಹೋಗುವ ಕಾಲುದಾರಿಗೆ ಆ ದಿನ ಕೆಂಪು ಮಣ್ಣು ಸುರಿದು ಹಸಿರು ಕಾರ್ಪೆಟ್ ಹಾಸಿದ್ದರು. ಅದನ್ನೇ ಕಾಂಕ್ರೀಟ್ ರಸ್ತೆ ಮಾಡಿ ಹೇಮಂತನ ಹೆಸರಿಡುವುದಾಗಿ ಸಾಹೇಬರು ಮಾತುಕೊಟ್ಟರು. ಕಾರ್ಪೆಟ್ ಅಂದೇ ಸಂಜೆ ಸುತ್ತಿಕೊಂಡು ಹೋಯಿತು. ಕೆಂಪು ಮಣ್ಣು ಮೊದಲ ಮಳೆಗೆ ಹೋಯಿತು. ಬೋರ್ಡು ಮಾತ್ರ ಬಂತು. ಅದರಲ್ಲಿ ಕೈಮುಗಿದ ಸಾಹೇಬರು ಆಳೆತ್ತರ, ಹೇಮಂತ ಮೂಲೆಯಲ್ಲಿ ಅಂಚೆಚೀಟಿಯಷ್ಟು.

•

ಬಿಳಿ ಕಾರುಗಳು ಬಂದವು. ಸಾಹೇಬರು ಇಳಿದರು. ಗರಿಗರಿ ಬಿಳಿ ಪಂಚೆ, ಬಿಳಿ ಬೂಟು, ಇರುಳಿಗಿಂತ ಕಪ್ಪಾದ ತಲೆ. ಮುಂದೆ ಹಿಮ್ಮುಖವಾಗಿ ನಡೆಯುತ್ತ ಕ್ಯಾಮೆರಾದವನು.

ಸಾಹೇಬರು ಹೂಗುಚ್ಛ ಇಟ್ಟು, ಹೂವಿನ ವಿಮಾನದಲ್ಲಿ ಕೂತಿದ್ದ ಚನ್ನಕ್ಕನ ಪಾದ ಮುಟ್ಟಿ, ಭಾಗ್ಯಶ್ರೀಯ ತಲೆಯ ಮೇಲೆ ಕೈಯಿಟ್ಟರು. ಅವಳು ತಲೆ ತಗ್ಗಿಸಿ ನಿಂತಳು. ಗೋಣು ಅಲುಗಿಸಲಿಲ್ಲ.

“ನಂಗೆ ಎರಡನೇ ತಾಯಿ ಇದ್ದಂಗಿದ್ರು,” ಎಂದು ಸಾಹೇಬರು ಕ್ಯಾಮೆರಾಕ್ಕೆ ಹೇಳಿದರು. “ಹೇಮಂತ ಹೋದಾಗ್ಲೇ ಹೇಳಿದ್ದೆ, ನಾನೇ ಮಗ ಅಂತ. ಇವತ್ತು ಮಗನಾಗಿ ಬಂದಿದ್ದೀನಿ. ಮಗನಾಗಿ ಹೆಗಲು ಕೊಡ್ತೀನಿ.”

“ಕೊಡ್ರೀ ಸಾಹೇಬ್ರ,” ಭಾಗ್ಯಶ್ರೀ ತಲೆಯೆತ್ತಿದಳು. “ಮುಂದಿನ ಬಲಗಡೆ ಮಗಂದು.”

ಸಾಹೇಬರು ಬಿದಿರಿನ ಗಳುವಿಗೆ ಹೆಗಲೊಡ್ಡಿದರು. ಎಡಕ್ಕೆ ಕಾಡಪ್ಪ, ಹಿಂದೆ ರೊಟ್ಟಿ ಒಯ್ಯುತ್ತಿದ್ದ ಮೆಸ್ಸಿನ ಇಬ್ಬರು ಹುಡುಗರು. ವಿಮಾನ ಎದ್ದಿತು. ಏಳು ಹೆಜ್ಜೆಯೋ ಎಂಟು ಹೆಜ್ಜೆಯೋ. ಸಾಹೇಬರು ಕಣ್ಸನ್ನೆ ಮಾಡಿದರು. ಗಿರಿ ಓಡಿಬಂದು ಗಳುವಿಗೆ ಕೈ ಹಾಕಿದ.

“ಮುಟ್ಟಬ್ಯಾಡೋ!”

ಬೀದಿಯೇ ತಿರುಗಿ ನೋಡಿತು. ಭಾಗ್ಯಶ್ರೀ ಧೂಪದ ಕೆಂಡ ತುಂಬಿದ ಮಡಕೆ ಹಿಡಿದು ಮುಂದೆ ನಿಂತಿದ್ದಳು.

“ಮಗನ ಹೆಗಲು ಬದಲಾಗಂಗಿಲ್ಲ. ಮಗಾ ಅಂತ ಹೆಗಲು ಕೊಟ್ಟಾಂವ ಕುಣಿ ಮುಟ್ಟೂತನಾ ಬಿಡಂಗಿಲ್ಲ. ನಡುವ ಬಿಟ್ರ ಸತ್ತಾಕಿಗೆ ದಾರಿ ಸಿಗಂಗಿಲ್ಲ. ನಮ್ಮ ಕಡೆ ಹಂಗ.”

ಅಂಥ ಪದ್ಧತಿ ಯಾವ ಕಡೆಯೂ ಇರಲಿಲ್ಲ. ಕಾಡಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನು ಊರಲ್ಲಿ ನೂರಾರು ವಿಮಾನಗಳಿಗೆ ಹೆಗಲು ಕೊಟ್ಟವನು, ದಾರಿಯಲ್ಲಿ ಹೆಗಲು ಬದಲಿಸಿದವನು. ಅವನು ಅಕ್ಕನ ಮಗಳ ಮುಖ ನೋಡಿದ. ಗಂಟಲು ಸರಿಮಾಡಿಕೊಂಡ.

“ಹೌದ್ರೀ ಸಾಹೇಬ್ರ. ಹಿರ್ಯಾರ ಕಾಲದಿಂದ ಹಂಗ.”

“ನಮ್ ಕಡೆನೂ ಅಂಗೇಯಾ,” ಮುನಿಕೃಷ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಬುಟ್ರೆ ವಂಶಕ್ಕೇ ಒಳ್ಳೇದಲ್ಲ.”

ಸಾಹೇಬರು ನಗಲು ನೋಡಿದರು. “ಅದು ಸರಿ ಕಣಮ್ಮಾ, ನನಗೆ ಯಶವಂತಪುರದಲ್ಲಿ ಇನ್ನೊಂದು ಪ್ರೋಗ್ರಾಮ್…”

“ಲೈವ್ ನಡ್ದೈತೇನು ತಮ್ಮಾ?” ಭಾಗ್ಯಶ್ರೀ ಕ್ಯಾಮೆರಾದವನನ್ನು ಕೇಳಿದಳು.

“ಹೂಂ ಮೇಡಂ. ತುಂಬಾ ಜನ ನೋಡ್ತಿದ್ದಾರೆ.”

“ಬಂದ್ ಮಾಡಬ್ಯಾಡ. ಮಗಾ ನಡೀಲಿ, ಮಂದಿ ನೋಡ್ಲಿ.”

•

ಸಾಹೇಬರು ಮಗನೆಂದದ್ದನ್ನು ಚನ್ನಕ್ಕ ಒಮ್ಮೆ ಪರೀಕ್ಷಿಸಿಯೂ ಬಂದಿದ್ದಳು. ಬಟ್ಟೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಆರ್.ಟಿ. ನಗರದ ಅವರ ಬಂಗಲೆಗೆ ಹೋಗಿ, ದಾರಿಯ ಮಾತು ನೆನಪಿಸಲು ಮಧ್ಯಾಹ್ನದವರೆಗೆ ಗೇಟಿನ ಹೊರಗೆ ನಿಂತಿದ್ದಳು. “ಯಾವ ಹೇಮಂತ?” ಎಂದು ಪಿ.ಎ. ಕೇಳಿದ್ದ. ರೊಟ್ಟಿಯನ್ನು ವಾಚ್‌ಮನ್‌ಗೆ ಕೊಟ್ಟು ಬಂದಳು.

“ಮಗಾ ಸಿಕ್ನೇನಬೇ?” ಎಂದು ಮಗಳು ಕೇಳಿದರೆ, ಒಲೆ ಹಚ್ಚುತ್ತ ಅಂದಳು, “ಇಲ್ಲವಾ. ಭಾಳ ದೊಡ್ಡ ಮಂದಿ ಮಗಾ ಅಂವ. ನಾ ಸತ್ತಾಗ ಬರ್ತಾನ ತಗೋ, ಫೋಟೋ ಹಿಡಿಸ್ಕೊಳ್ಳಾಕ.”

ಪ್ರತಿ ಸೋಮವಾರ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಮೊಣಕಾಲಿಗೆ ಎತ್ತಿಕೊಂಡು, ಆ ಕಾಲುದಾರಿಯ ಕೊಳಚೆ ದಾಟಿ ಹೇಮಂತನ ಗದ್ದುಗೆಗೆ ಒಂದು ಬಿಸಿ ರೊಟ್ಟಿ ಇಟ್ಟು ಬರುತ್ತಿದ್ದಳು. ಈ ವರ್ಷದ ಶ್ರಾವಣದಲ್ಲಿ ಅದೇ ಬೋರ್ಡಿನ ಬುಡದಲ್ಲಿ ಕಾಲು ಜಾರಿತು. ಸೊಂಟ ಮುರಿಯಿತು. ದಾರಿಹೋಕರು ಬಂದು ಎತ್ತುವವರೆಗೆ, ಮಗನ ಹೆಸರಿನ ಕೆಳಗೆ, ಎರಡನೇ ಮಗನ ನಗುಮುಖದ ಕೆಳಗೆ, ಚರಂಡಿ ನೀರಿನಲ್ಲಿ ಬಿದ್ದಿದ್ದಳು. ಮತ್ತೆ ಏಳಲಿಲ್ಲ.

•

ಡಾಂಬರು ಮುಗಿದಲ್ಲಿ ಬೋರ್ಡು ನಿಂತಿತ್ತು. ಅಲ್ಲಿಂದಾಚೆ ಕಪ್ಪು ಕೆಸರು. ಕಾಲುವೆ ಉಕ್ಕಿತ್ತು, ನಾಯಿಯೊಂದು ಸತ್ತು ಊದಿ ಬಿದ್ದಿತ್ತು. ಸಾಹೇಬರ ಹೆಜ್ಜೆ ನಿಂತಿತು.

“ಇಲ್ಲೇನಾ?”

“ಇದ ರೀ,” ಅಂದ ಕಾಡಪ್ಪ. “ನೀವು ಮಾಡಿಸಿದ ರಸ್ತಾ.”

ಹಿಂದಿನವರು ನಿಲ್ಲಲಿಲ್ಲ. ಗಳು ತಳ್ಳಿತು. ಬಿಳಿ ಬೂಟು ಕಣಕಾಲಿನವರೆಗೆ ಮುಳುಗಿತು. ಕಾರ್ಯಕರ್ತರು ಒಣ ನೆಲದಲ್ಲೇ ಸಾಲಾಗಿ ನಿಂತು ಮೂಗು ಮುಚ್ಚಿದರು. ಗಿರಿ ಒಬ್ಬನೇ ಕೆಸರಿಗಿಳಿದ. ಸಾಹೇಬರ ಹತ್ತಿರ ಹೋಗಲಿಲ್ಲ. ಕಾಡಪ್ಪನ ಉಸಿರು ಕಂಡು, “ಬಿಡು ಮಾಮಾ, ನಾನ್ ಹಿಡೀತೀನಿ,” ಎಂದು ಎಡಗಡೆಯ ಗಳುವಿಗೆ ಹೆಗಲು ಕೊಟ್ಟ.

“ಆ ಕಡೆ ಬದಲಾಯಿಸ್ತಿದೀರಲ್ರೀ!” ಸಾಹೇಬರು ಕಿರುಚಿದರು.

“ಆ ಕಡೆ ಅವ್ವನ ತಮ್ಮಂದು ರೀ,” ಭಾಗ್ಯಶ್ರೀ ತಿರುಗದೆ ಹೇಳಿದಳು. “ಮಗಾ ನೀವು.”

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರ ಮುಖಕ್ಕೆ ರಕ್ತ ನುಗ್ಗಿತು. ಬಿರುಸಾಗಿ ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಕಾಲು ಜಾರಿ ಮೊಣಕಾಲೂರಿ ಕುಸಿದರು. ವಿಮಾನ ವಾಲಿತು. ಮೆಸ್ಸಿನ ಹುಡುಗರು, ಗಿರಿ, ಕಾಡಪ್ಪ ಸೇರಿ ಎತ್ತಿ ಹಿಡಿದರು. ಚನ್ನಕ್ಕ ಬೀಳಲಿಲ್ಲ. ಗರಿಗರಿ ಪಂಚೆ ಸೊಂಟದವರೆಗೆ ಕೊಳಚೆ ಕುಡಿಯಿತು.

“ಆಫ್ ಮಾಡೋ ಅದನ್ನ!” ಸಾಹೇಬರು ಕ್ಯಾಮೆರಾದವನಿಗೆ ಅರಚಿದರು. ಅವನು ಏನನ್ನೋ ಒತ್ತಿದ. ಆಫ್ ಆಯಿತೋ ಇಲ್ಲವೋ. ಈಗ ದಂಡೆಯ ಮನೆಗಳ ಮಾಳಿಗೆಗಳಲ್ಲಿ ಎಲ್ಲರ ಕೈಯಲ್ಲೂ ಫೋನುಗಳಿದ್ದವು.

ಭಾಗ್ಯಶ್ರೀ ಹಿಂದಿರುಗಿ ಬಂದಳು. ಮಡಕೆಯನ್ನು ಸೊಂಟಕ್ಕಿಟ್ಟು, ಮೊಣಕಾಲೂರಿದವನ ಎದುರು ನಿಂತಳು. ಅವ್ವ ಬಿದ್ದದ್ದು ಇಲ್ಲೇ.

“ಸರಿಯಾಗಿ ಬರ್ಲಿಲ್ಲ ಸಾಹೇಬ್ರ,” ಅಂದಳು, ಬಹಳ ಮೆತ್ತಗೆ. “ಇನ್ನೊಂದ್ಸಲ.”

ಯಾರೂ ಕೈ ಚಾಚಲಿಲ್ಲ. ಅವರು ತಮ್ಮದೇ ಬೋರ್ಡಿನ ಕಂಬ ಹಿಡಿದು ಎದ್ದರು. ಹೆಗಲೊಡ್ಡಿದರು. ಬುಡದ ಕೆಸರಿನಲ್ಲಿ ಬಿಳಿ ಬೂಟೊಂದು ಬಾಯ್ತೆರೆದು ಕಪ್ಪು ನೀರು ತುಂಬಿಕೊಳ್ಳುತ್ತಿತ್ತು.

ವಿಮಾನ ಮತ್ತೆ ಎದ್ದಿತು. ಮೇಲೆ ಚನ್ನಕ್ಕ ಬೆನ್ನು ನೇರ ಮಾಡಿ, ಅಂಗೈ ಅಗಲಿಸಿ ಕೂತಿದ್ದಳು. ಒಂದೊಂದು ಹೆಜ್ಜೆಗೂ ಅವಳ ಹಣೆಯಿಂದ ವಿಭೂತಿ ಉದುರಿ ಕೆಳಗಿನ ಕಪ್ಪು ತಲೆಯ ಮೇಲೆ ಬೀಳುತ್ತಿತ್ತು. ರುದ್ರಭೂಮಿಯ ಗೇಟು ಕಾಣುವ ಹೊತ್ತಿಗೆ ಆ ತಲೆ ಪೂರ್ತಿ ನರೆತಿತ್ತು.