ಮೈಕಿಗೆ ಸಿಕ್ಕ ಜಾಗ

ಬೆಳಗ್ಗೆ ಹತ್ತಕ್ಕೆ ಅಣ್ಣ ತನ್ನ ಗಿಟಾರಿನ ಸ್ಪೀಕರ್ ಪೆಟ್ಟಿಗೆಯನ್ನು ತಾನೇ ತಳ್ಳಿಕೊಂಡು ಸ್ಟುಡಿಯೋಗೆ ಬಂದ. ತಂಗಿ ಓಡಿಹೋಗಿ ಬಾಗಿಲು ಹಿಡಿದಳು.

ಹನ್ನೊಂದು ತಿಂಗಳ ಹಿಂದೆ ಗಾಜಿನ ಬಾಗಿಲು ಒಡೆದು ಅವನ ಎಡಗೈಯ ನರ ಕಡಿದಿತ್ತು. ಎರಡು ಆಪರೇಷನ್ ಆದ ಮೇಲೆ ಬೆರಳುಗಳೆಲ್ಲ ಮಡಚುತ್ತಿದ್ದವು. ಉಂಗುರದ ಬೆರಳು ಮಾತ್ರ ಕೂದಲೆಳೆಯಷ್ಟು ತಡ. ಹದಿನಾಲ್ಕು ವರ್ಷ ತಾನೇ ಮುಂದೆ ನಿಂತು ಬೆಳೆಸಿದ ಬ್ಯಾಂಡಿನ ಹೊಸ ಆಲ್ಬಮ್‌ಗೆ ಗಿಟಾರ್ ನುಡಿಸಲು ಬಂದಿದ್ದೇನೆ ಎಂದು ಅವನು ತಿಳಿದಿದ್ದ. ಹಾಗೆಂದು ಹೇಳಿ ಕರೆಸಿದವಳು ತಂಗಿಯೇ. ಆಲ್ಬಮ್‌ನ ರೆಕಾರ್ಡಿಂಗ್ ಎಂಜಿನಿಯರ್ ಅವಳು. ಇಷ್ಟು ದೊಡ್ಡ ಕೆಲಸ ಅವಳ ಹೆಸರಿನಲ್ಲಿ ಬಂದದ್ದು ಇದೇ ಮೊದಲು.

ಹಿಂದಿನ ವಾರ ಆಲ್ಬಮ್‌ನ ನಿರ್ಮಾಪಕ ಅವಳಿಗೆ ನೇರವಾಗಿಯೇ ಹೇಳಿದ್ದ: "ನಿಮ್ಮಣ್ಣನ ಪೆಟ್ಟಿಗೆ ಬೇಕು, ಕಿವಿ ಬೇಕು. ಕೈ ಬೇಡ. ನುಡಿಸೋಕೆ ಬೇರೆಯವನು ಬರ್ತಾನೆ, ಮೂರು ಗಂಟೆಗೆ."

"ಅದನ್ನ ಅವನಿಗೆ ನೀವೇ ಹೇಳಿ."

"ಸೌಂಡು ಸೆಟ್ ಆದ ಮೇಲೆ ಹೇಳೋಣ. ಈಗಲೇ ಹೇಳಿದ್ರೆ ಪೆಟ್ಟಿಗೆ ಬರುತ್ತಾ?"

ಅವಳು ಆಯ್ತು ಎಂದಿರಲಿಲ್ಲ. ಆಗಲ್ಲ ಎಂದೂ ಅಂದಿರಲಿಲ್ಲ. ಮನೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದ್ದಳು, ಅಷ್ಟೇ.

ಈಗ ಅವನು ಮಂಡಿಯೂರಿ ಪೆಟ್ಟಿಗೆಯ ನಾಲ್ಕು ಸ್ಪೀಕರ್‌ಗಳಿಗೂ ಒಂದೊಂದಾಗಿ ಕಿವಿ ಕೊಟ್ಟ. "ಕೆಳಗಿನ ಎಡಗಡೇದು. ಇದೇ ಯಾವಾಗ್ಲೂ ಮನಸಾರೆ ಮಾತಾಡೋದು," ಎಂದ. ಅದರ ನಟ್ಟನಡುವೆ, ಜಾಲರಿಗೆ ಮೂತಿ ತಾಗಿಸಿ ಒಂದು ಗಟ್ಟಿಮುಟ್ಟಾದ ಮೈಕ್ ಇಟ್ಟರು. ಸದ್ದು ಡಬ್ಬದ ಮೇಲೆ ಮೊಳೆ ಗೀರಿದಂತೆ ಬಂತು. ಒಂದು ಬೆರಳಗಲ ಅಂಚಿನ ಕಡೆಗೆ ಸರಿಸಿದರು, ಮೆತ್ತಗಾಯಿತು. ಇನ್ನೊಂದು ಬೆರಳಗಲ ಸರಿಸಿದಾಗ ಕಂಬಳಿ ಹೊದ್ದಂತಾಯಿತು. ಪಕ್ಕದಲ್ಲಿ ಎರಡನೆಯದಾಗಿ, ಮೆದು ಸದ್ದು ಹಿಡಿಯುವ ರಿಬ್ಬನ್ ಮೈಕ್ ನಿಲ್ಲಿಸಿದಾಗ ಸದ್ದು ತುಂಬಿಕೊಳ್ಳುವ ಬದಲು ಬಡಕಲಾಯಿತು.

"ಎರಡಕ್ಕೂ ಸದ್ದು ಒಂದೇ ಸಲ ಮುಟ್ತಿಲ್ಲ," ಎಂದ ಅಣ್ಣ. "ಒಂದನ್ನ ಒಂದು ತಿಂದು ಹಾಕ್ತಿವೆ. ಈ ಮೈಕನ್ನ ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ತಗೋ."

ತಂಗಿ ಸರಿಸುತ್ತಿದ್ದಳು, ಗಾಜಿನಾಚೆಯ ಕೋಣೆಗೆ ಹೋಗಿ ಕೇಳುತ್ತಿದ್ದಳು. ಅವನು ಅದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದ. ಹನ್ನೆರಡರ ಹೊತ್ತಿಗೆ ಅವನ ಎಡಗೈ ಬಿಗಿಯತೊಡಗಿತು. ಬಿಸಿನೀರು ತರಿಸಿಕೊಂಡು, ಕೈ ಅದ್ದಿ ಒರೆಸಿಕೊಂಡು ಮತ್ತೆ ಕೂತ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಒಂದೇ ಒಂದು ಸಲ, ಉಂಗುರದ ಬೆರಳು ಹೊತ್ತಿಗೆ ಸರಿಯಾಗಿ ಬಿತ್ತು. ಸಾಲು ಪೂರ್ತಿ ಹರಿಯಿತು. ಗಾಜಿನಾಚೆ ಕೂತಿದ್ದ ತಂಗಿ ತಲೆಯೆತ್ತಿ ನೋಡಿದಳು.

ಅವನ ಮುಖ ಇಷ್ಟಗಲವಾಗಿತ್ತು. "ಬಂತು ಕಣೇ! ಇಟ್ಕೊಂಡ್ಯಾ?"

ರೆಕಾರ್ಡ್ ಬಟನ್ನಿನ ದೀಪ ಬೆಳಗಿನಿಂದ ಒಮ್ಮೆಯೂ ಹೊತ್ತಿರಲಿಲ್ಲ.

"ಇಟ್ಕೊಂಡೆ ಅಣ್ಣಾ," ಎಂದಳು.

ಮೂರು ಗಂಟೆಗೆ ನಿರ್ಮಾಪಕನ ಹಿಂದೆ ಹೊಸ ಗಿಟಾರಿಸ್ಟ್ ಬಂದ. ವಾದ್ಯವನ್ನು ಚೀಲದಿಂದ ತೆಗೆಯುತ್ತಲೇ ಅವನು ಅಣ್ಣನಿಗೆ ಕೈಮುಗಿದ. "ನಿಮ್ಮ ಜಾಗದಲ್ಲಿ ನುಡಿಸೋದು ನನ್ನ ಪುಣ್ಯ, ಸಾರ್."

ಅಣ್ಣ ನಕ್ಕು ನಿರ್ಮಾಪಕನತ್ತ ನೋಡಿದ. ಆಮೇಲೆ ತಂಗಿಯತ್ತ ನೋಡಿದ. ಅವಳು ವೈರಿನ ಗಂಟು ಬಿಡಿಸುತ್ತಿದ್ದಳು.

"ನಿಮ್ಮ ತಂಗಿ ಹೇಳಿಲ್ವಾ?" ಎಂದ ನಿರ್ಮಾಪಕ. "ಛೆ. ಹೇಳಿರ್ತಾರೆ ಅಂದ್ಕೊಂಡೆ."

ಅಣ್ಣ ಒಂದೇ ಮಾತು ಕೇಳಿದ, ಅದೂ ತಂಗಿಯನ್ನು. "ಮಧ್ಯಾಹ್ನ ಒಂದು ಗಂಟೆಗೆ ನುಡಿಸಿದ್ದು ಇದೆಯಲ್ಲ? ಅದನ್ನ ಹಾಕು. ಇವರೂ ಕೇಳಲಿ."

"ಇಲ್ಲ ಅಣ್ಣಾ. ಅದು... ಮೈಕ್ ನೋಡೋಕೆ ಅಂತ ಇದ್ದಿದ್ದು."

ಅವನು ಎದ್ದು ಹೋಗಲಿಲ್ಲ. ಎದ್ದು ಹೋಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮೂಲೆಯ ಸೋಫಾದಲ್ಲಿ, ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಹೊಸಬನ ಕೈ ಚುರುಕಾಗಿತ್ತು, ಒಂದು ಸ್ವರವೂ ತಪ್ಪಲಿಲ್ಲ. ಆದರೆ ತಂತಿಯನ್ನು ಬಲವಾಗಿ ಹೊಡೆಯುತ್ತಿದ್ದ. ಬೆಳಗ್ಗೆ ಅಣ್ಣನ ಮೃದುವಾದ ಕೈಗೆ ಹೊಂದಿಸಿದ ಮೈಕುಗಳಲ್ಲಿ ಆ ಸದ್ದು ಕಿವಿ ಕಚ್ಚುವಂತೆ ಬಂತು. ತಂಗಿ ಮೈಕ್ ಬದಲಿಸಿದಳು, ಓರೆ ಮಾಡಿದಳು, ದೂರ ಇಟ್ಟಳು. ಒಂದು ಗಂಟೆ ಕಳೆಯಿತು. ಮಾಡಿದಷ್ಟೂ ಕೆಟ್ಟಿತು.

"ಬೆಳಗ್ಗೆ ಸೌಂಡು ಸೆಟ್ ಆಗಿದೆ ಅಂದ್ರಲ್ಲಮ್ಮ," ಎಂದ ನಿರ್ಮಾಪಕ ಎಲ್ಲರೆದುರು. "ಅಥವಾ ನಿಮ್ಮಣ್ಣ ಇಲ್ದಿದ್ರೆ ನಿಮಗೆ ಕೆಲಸ ಬರಲ್ವೋ?"

ಅಣ್ಣ ಎದ್ದ. ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ಮಂಡಿಯೂರಿ ಎರಡು ಮೈಕುಗಳನ್ನೂ ಒಟ್ಟಿಗೆ ಹಿಡಿದು, ಅಂಚಿನ ಕಡೆಗೆ ಒಂದೂವರೆ ಬೆರಳಗಲ ಸರಿಸಿದ. ಮೂತಿಗಳನ್ನು ಸಮ ಮಾಡಿದ. "ಈಗ ಹೊಡೀಪ್ಪ," ಎಂದ ಹೊಸಬನಿಗೆ. ಸದ್ದು ತುಂಬಿ ನಿಂತಿತು.

ಹೊರಟವನ ತೋಳನ್ನು ಬಾಗಿಲಲ್ಲಿ ತಂಗಿ ಹಿಡಿದಳು. "ಥ್ಯಾಂಕ್ಸ್ ಅಣ್ಣಾ. ನಂಗೋಸ್ಕರ—"

"ನಿಂಗೋಸ್ಕರ ಅಲ್ಲ. ಆ ಕರ್ಕಶ ಕೇಳೋಕಾಗ್ಲಿಲ್ಲ." ತೋಳು ಬಿಡಿಸಿಕೊಂಡ. "ಪೆಟ್ಟಿಗೆ ನೀನೇ ಇಟ್ಕೋ."

ಆಲ್ಬಮ್ ನಾಲ್ಕು ತಿಂಗಳಿಗೆ ಹೊರಬಂತು. ಗಿಟಾರಿನ ಆ ಸದ್ದನ್ನು ಎಲ್ಲರೂ ಹೊಗಳಿದರು. ತಂಗಿಗೆ ಕೈತುಂಬ ಕೆಲಸ ಬಂತು. ಒಂದು ಭಾನುವಾರ ಮಧ್ಯಾಹ್ನ ತಾಯಿಯ ಮನೆಗೆ ಹೋದಾಗ ಹಾಲ್‌ನಲ್ಲಿ ಆ ಆಲ್ಬಮ್‌ನ ಹಾಡು ಬರುತ್ತಿತ್ತು. ಅಣ್ಣ ಕಿಟಕಿಯ ಪಕ್ಕ ಕೂತಿದ್ದ. ತಾಯಿಗೆ ಯಾರೂ ಏನೂ ಹೇಳಿರಲಿಲ್ಲ.

"ಕೇಳೇ, ಕೇಳು," ಎಂದಳು ತಾಯಿ, ಕಣ್ಣೊರೆಸಿಕೊಳ್ಳುತ್ತ. "ಕೈ ಹೋಯ್ತು ಅಂದ್ರು ಡಾಕ್ಟರು. ಎಲ್ಲಿ ಹೋಗಿದೆ? ನನ್ನ ಮಗನ ಕೈ ನಂಗೆ ಗೊತ್ತಾಗಲ್ವಾ?"

ಅಣ್ಣ ತಂಗಿಯನ್ನೇ ನೋಡಿದ. "ಹೇಳು," ಎಂದ. "ನುಡಿಸಿದ್ದು ಯಾರು ಅಂತ ಅಮ್ಮಂಗೆ ಹೇಳು."

"ಬೇಡ ಅಣ್ಣಾ. ಖುಷಿಯಾಗಿದ್ದಾಳೆ."

"ನಾನೂ ಖುಷಿಯಾಗಿದ್ದೆ. ಹೇಳು."

ಅವಳು ಹೇಳಿದಳು. ಮೂರು ಗಂಟೆಯ ಮಾತನ್ನೂ ಹೇಳಿದಳು, ಹೊತ್ತದೇ ಉಳಿದ ರೆಕಾರ್ಡ್ ದೀಪದ ಮಾತನ್ನೂ ಹೇಳಿದಳು. ಅವನು ಯಾವುದನ್ನೂ ಬಿಡಗೊಡಲಿಲ್ಲ, ತಡವರಿಸಿದಲ್ಲೆಲ್ಲ "ಆಮೇಲೆ?" ಎಂದ.

ತಾಯಿಯ ಮುಖದಿಂದ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. "ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ," ಎಂದಳು ತಂಗಿ.

ತಂಗಿ ಹಾಡು ನಿಲ್ಲಿಸಲು ಎದ್ದಳು.

"ಕೂತ್ಕೋ," ಎಂದಳು ತಾಯಿ. "ಪೂರ್ತಿ ಮುಗೀಲಿ."

ಹಾಡು ಇನ್ನೂ ಎರಡು ನಿಮಿಷ ಬಾಕಿಯಿತ್ತು. ಅಣ್ಣ ಕೈ ಚಾಚಿ ಸದ್ದು ಜೋರು ಮಾಡಿದ.